ಮಂಗಳಗೌರಿ ವ್ರತದ ದಿನ ಅತ್ತೆಗೆ ಗೊತ್ತಾಗದ ಹಾಗೆ ಏನು ತಿನ್ನಬಹುದು?

ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಳ್ತಿದ್ದೀನಿ, ಅತ್ತೆ ಮನೆಯಲ್ಲಿ ಹೇಳಿಲ್ಲ, ಈ ಶ್ರಾವಣದಲ್ಲಿ ಮಂಗಳಗೌರಿ ಪೂಜೆ ಮುಗಿಯುವ ತನಕ ಉಪವಾಸ ಇರಬೇಕಂತೆ, ಕದ್ದು ಎರಡು ಬಿಸ್ಕೆಟ್ ತಿಂದರೆ ಸಾಕಾ, ಆಮೇಲೆ ತಂಬಿಟ್ಟು ತಿನ್ನಬಹುದಾ. ಇಷ್ಟೇ ಅಲ್ವಾ ನೀವು ಕೇಳಿದ್ದು? ಆ ಬಿಸ್ಕೆಟ್ ಉಪಾಯ ನಾನೂ ಮಾಡಿದ್ದೆ. ಅದರ ಗುರುತು ನನ್ನ ಬಲಗೈ ಮಣಿಕಟ್ಟಿನ ಮೇಲೆ ಈಗಲೂ ಇದೆ.

ನನಗೆ ಕಾಯಿಲೆ ಗೊತ್ತಾದಾಗ 26 ವರ್ಷ. ಅಜ್ಜನಿಗಿತ್ತು, ಅಪ್ಪನಿಗಿತ್ತು, ನನಗೆ ಸ್ವಲ್ಪ ಬೇಗ ಬಂತು. 28ಕ್ಕೆ ಮದುವೆ ಗೊತ್ತಾಯಿತು. ಅಮ್ಮ ಹೇಳಿದ್ದು ಒಂದೇ ಮಾತು, "ಮೂರು ಗಂಟು ಬೀಳಲಿ, ಆಮೇಲೆ ಹೇಳೋಣ." ನನಗೆ ತಡೆಯಲಿಲ್ಲ, ಹುಡುಗನಿಗೆ ಮೊದಲೇ ಹೇಳಿಬಿಟ್ಟೆ. ಅವರು "ಅಮ್ಮನಿಗೆ ನಾನು ನಿಧಾನವಾಗಿ ಹೇಳ್ತೀನಿ" ಅಂದರು. ಒಂದೂವರೆ ವರ್ಷವಾದರೂ ಆ ನಿಧಾನ ಮುಗಿಯಲಿಲ್ಲ.

ಮೊದಲ ವರ್ಷದ ಗೌರಿ ನಮ್ಮಲ್ಲಿ ತವರಿನಲ್ಲೇ ಆಗಬೇಕು, ಮೊದಲ ಬಾಗಿನ ತಾಯಿಗೇ ಕೊಡಬೇಕು. ತುಮಕೂರಿನಲ್ಲಿ ಆಯಿತು. ಅಮ್ಮನಿಗೆ ಎಲ್ಲಾ ಗೊತ್ತಿತ್ತಲ್ಲ, ಬೆಳಗ್ಗೆ ಏಳಕ್ಕೇ ಮಾತ್ರೆ ಕೊಟ್ಟು, ಹಿಂದೆಯೇ ಎರಡು ಇಡ್ಲಿ ತಿನ್ನಿಸಿ, "ಹೋಗಿ ಮುಖ ತೊಳ್ಕೊಂಡು ಪೂಜೆಗೆ ಕೂತ್ಕೋ" ಅನ್ನುತ್ತಿದ್ದಳು. ಆ ಶ್ರಾವಣದ ಎಲ್ಲಾ ಮಂಗಳವಾರ ಹಾಗೇ ಸಾಗಿತು. ಅದರಿಂದಲೇ ನನಗೆ ಧೈರ್ಯ ಜಾಸ್ತಿಯಾಗಿದ್ದು.

ಎರಡನೇ ವರ್ಷ ಒಂದು ಮಂಗಳವಾರದ ಪೂಜೆಗೆ ರಜೆ ಹಾಕಿ ಮೈಸೂರಿನ ಅತ್ತೆ ಮನೆಗೆ ಹೋದೆವು. ಹಿಂದಿನ ರಾತ್ರಿ ಅತ್ತೆ ಹೇಳಿದರು, "ಬೆಳಗ್ಗೆ ಪೂಜೆ ಆಗೋ ತನಕ ಏನೂ ತಿನ್ನಬೇಡ ಕಣೇ. ಎಷ್ಟು ಹೊತ್ತು, ಒಂಬತ್ತಕ್ಕೆಲ್ಲ ಮುಗಿದುಹೋಗುತ್ತೆ." ನಾನು "ಸರಿ ಅತ್ತೆ" ಅಂದೆ.

ಈಗ ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ನನಗೆ ಎರಡು ಬಗೆಯ ಮಾತ್ರೆ ಇದ್ದವು. ಒಂದು ಮೆಟ್‌ಫಾರ್ಮಿನ್. ಅದೊಂದೇ ತಗೊಂಡು ಒಂದು ಹೊತ್ತು ಊಟ ತಪ್ಪಿದರೆ ಸಾಮಾನ್ಯವಾಗಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದಿಲ್ಲ. ಇನ್ನೊಂದು ಗ್ಲಿಮೆಪಿರೈಡ್. ಅದರ ಕೆಲಸವೇ ಬೇರೆ. ಮೇದೋಜೀರಕ ಗ್ರಂಥಿಗೆ "ಇನ್ಸುಲಿನ್ ಬಿಡು" ಅಂತ ಹೇಳುವುದು. ನೀವು ತಿಂದಿದ್ದೀರಾ ಇಲ್ಲವಾ ಅಂತ ಅದು ನೋಡುವುದಿಲ್ಲ. ತಿಂಡಿಯ ಹೊತ್ತಿಗೆ ಅಂತ ಅದನ್ನು ಬರೆದುಕೊಡುವುದು, ಹಿಂದೆಯೇ ತಿಂಡಿ ಬರುತ್ತದೆ ಅನ್ನುವ ನಂಬಿಕೆಯ ಮೇಲೆ. ತಿಂಡಿ ಬರದೇ ಹೋದರೆ ಇರುವ ಸಕ್ಕರೆಯೂ ಇಳಿಯುತ್ತಾ ಹೋಗುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಡಾಕ್ಟರು "ಒಂದು ದಿನವೂ ಮಾತ್ರೆ ತಪ್ಪಿಸಬೇಡಿ" ಅಂದದ್ದಷ್ಟೇ ತಲೆಯಲ್ಲಿತ್ತು. ಉಪವಾಸದ ದಿನ ಏನು ಮಾಡಲಿ ಅಂತ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ನನ್ನ ಲೆಕ್ಕ ಹೀಗಿತ್ತು. ಮಾತ್ರೆಯನ್ನು ಸೋಪಿನ ಡಬ್ಬಿಯಲ್ಲಿಟ್ಟು ಬಚ್ಚಲಿಗೆ ಒಯ್ಯುವುದು, ನುಂಗುವುದು, ಸ್ನಾನ ಮಾಡಿ ಬಂದು ರೂಮಿನಲ್ಲಿ ಬ್ಯಾಗಿನೊಳಗಿನ ಗ್ಲುಕೋಸ್ ಬಿಸ್ಕೆಟ್ ತಿನ್ನುವುದು. ಪ್ಲಾನ್ ಚೆನ್ನಾಗಿದೆ ಅಲ್ವಾ? ಒಂದನ್ನು ಮರೆತಿದ್ದೆ. ಮಡಿ. ಸ್ನಾನ ಮುಗಿಸಿ ಬಾಗಿಲು ತೆಗೆದರೆ ಅತ್ತೆ ಕೋಲಿನಿಂದ ಮಡಿಸೀರೆ ಎತ್ತಿಕೊಡುತ್ತಾ ನಿಂತಿದ್ದಾರೆ. ಉಟ್ಟುಕೊಂಡು ಸೀದಾ ಅಡುಗೆಮನೆಗೆ. ಬ್ಯಾಗು ಮಹಡಿಯ ಮೇಲೆ, ಹಾಸಿಗೆಯ ಪಕ್ಕ. ಅದನ್ನು ಮುಟ್ಟಿದರೆ ಮತ್ತೆ ಸ್ನಾನ. ಆಗ ಗಂಟೆ ಆರೂಮುಕ್ಕಾಲು, ಮಾತ್ರೆ ಆಗಲೇ ಹೊಟ್ಟೆಯಲ್ಲಿ. ಒಂಬತ್ತಕ್ಕೆ ಮುಗಿಯುತ್ತದಲ್ಲ, ತಡೆದುಕೊಳ್ಳೋಣ ಅಂದುಕೊಂಡೆ.

ಹಬ್ಬದ ಮನೆಯ ಒಂಬತ್ತು ಗಂಟೆ ಎಷ್ಟು ಗಂಟೆಗೆ ಆಗುತ್ತದೆ ಅಂತ ನಿಮಗೂ ಗೊತ್ತು. ಮೊದಲ ಸಲದ ತಂಬಿಟ್ಟಿನ ದೀಪಗಳು ಬಿರುಕು ಬಿಟ್ಟವು, ಬೆಲ್ಲದ ಪಾಕ ಸರಿಬಂದಿರಲಿಲ್ಲ. ಮತ್ತೆ ಕಲಸಿ 16 ದೀಪ ಮಾಡಿದೆವು. ಗೆಜ್ಜೆವಸ್ತ್ರ ಎಲ್ಲಿಟ್ಟಿದ್ದಾರೆಂದು ಅತ್ತೆಗೆ ಮರೆತುಹೋಗಿತ್ತು. ಕರೆದಿದ್ದ ಮುತ್ತೈದೆಯರಲ್ಲಿ ಒಬ್ಬರು ಕುವೆಂಪುನಗರದಿಂದ ಬಸ್ಸಿನಲ್ಲಿ ಬರಬೇಕಿತ್ತು. ಪೂಜೆಗೆ ಕೂತಾಗ ಹತ್ತೂವರೆ.

ಕಥೆ ಓದುವಾಗ ತುಪ್ಪ ಸವರಿದ ಸಟ್ಟುಗವನ್ನು ತಂಬಿಟ್ಟಿನ ದೀಪಗಳ ಮೇಲೆ ಹಿಡಿದು ಕಾಡಿಗೆ ಹಿಡಿಯುತ್ತೇವಲ್ಲ, ಅಷ್ಟರ ಹೊತ್ತಿಗೆ ನನ್ನ ಸೆರಗು ಬೆವರಿನಿಂದ ಒದ್ದೆ. ಕೈ ನಡುಗುತ್ತಿತ್ತು. ದೀಪ 16 ಇದ್ದದ್ದು 30 ಕಾಣಿಸುತ್ತಿತ್ತು. ನಾಲಿಗೆ ದಪ್ಪವಾದ ಹಾಗೆ. ಆಮೇಲಿನದ್ದು ನನಗೆ ಬೇರೆಯವರು ಹೇಳಿದ್ದು. ಕಥೆಯ ಮಧ್ಯೆ ನಾನು ಜೋರಾಗಿ "ಆಟೋದವನಿಗೆ ಚಿಲ್ಲರೆ ಕೊಟ್ರಾ?" ಅಂದೆನಂತೆ. ನಕ್ಕೆನಂತೆ. ಪಕ್ಕದ ಮನೆಯ ಅಜ್ಜಿ ತಟ್ಟನೆ ಕೈಮುಗಿದು, "ಗೌರಿ ಮೈಮೇಲೆ ಬಂದಿದ್ದಾಳೆ, ಆರತಿ ತನ್ನಿ" ಅಂದರು.

ತಮಾಷೆ ಅಲ್ಲ. ನಿಜವಾಗಿ ಆರತಿ ತಂದರು. ಹಣೆ ತುಂಬ ಕುಂಕುಮ ಇಟ್ಟರು. ಬಸ್ಸಿನಲ್ಲಿ ಬಂದ ಆ ಮುತ್ತೈದೆ, ಮಗಳಿಗೆ ಈ ವರ್ಷ ಕಂಕಣ ಕೂಡಿಬರುತ್ತದಾ ತಾಯಿ ಅಂತ ನನ್ನನ್ನು ಕೇಳಿದರು. ನಾನು "ಹೂಂ" ಅಂದೆನಂತೆ. (ಮಾಘದಲ್ಲಿ ಆ ಹುಡುಗಿಯ ಮದುವೆ ಆಗಿಯೇಹೋಯಿತು. ಅವರು ಈಗಲೂ ನನ್ನನ್ನು ಸ್ವಲ್ಪ ಭಯಭಕ್ತಿಯಿಂದ ನೋಡುತ್ತಾರೆ.) ಅಷ್ಟರಲ್ಲಿ ಸಟ್ಟುಗ ಜಾರಿತು. ಅದರ ಹಿಂದೆಯೇ ನನ್ನ ಕೈ ಉರಿಯುವ ದೀಪಗಳ ಮೇಲೆ ಬಿತ್ತು. ಕೈ ಎಳೆದುಕೊಳ್ಳಬೇಕು ಅಂತ ಕೂಡ ನನಗೆ ತೋಚಲಿಲ್ಲ.

ಬಾಳೆಎಲೆ ತರಲು ಹೋಗಿದ್ದ ನಮ್ಮನೆಯವರು ಆಗ ಒಳಗೆ ಬಂದರು. "ಸಕ್ಕರೆ! ಸಕ್ಕರೆ ತನ್ನಿ!" ಅಂತ ಕೂಗಿದರೆ, ನೈವೇದ್ಯಕ್ಕೆ ಕೇಳುತ್ತಿದ್ದಾನೆ ಅಂದುಕೊಂಡು ಅತ್ತೆ ಬೆಳ್ಳಿ ಬಟ್ಟಲು ಹುಡುಕಲು ಹೋದರಂತೆ. ಅವರಾದರೂ ಏನು ಮಾಡಬೇಕು ಹೇಳಿ? ಯಾರಿಗೂ ಏನೂ ಗೊತ್ತಿಲ್ಲ. ಆ ರೂಮಿನಲ್ಲಿ ಎಂಟು ಜನ ಹೆಂಗಸರಿದ್ದರು, ಅವರಲ್ಲಿ ಮೂರು ಜನರ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ. ನನಗೂ ಇದೆ ಅಂತ ಗೊತ್ತಿದ್ದಿದ್ದರೆ ಮೊದಲ ಬೆವರಿಗೇ ಯಾರಾದರೂ ಬಾಯಿಗೆ ಬೆಲ್ಲ ಹಾಕುತ್ತಿದ್ದರು. ಎದುರಿಗೇ ಬೆಲ್ಲದ ದೀಪ 16 ಉರಿಯುತ್ತಿದ್ದವು!

ನುಂಗುವಷ್ಟು ಎಚ್ಚರ ಇತ್ತು, ಬೆಲ್ಲದ ನೀರು ಕುಡಿಸಿದರು. (ಪೂರ್ತಿ ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಶ್ವಾಸಕೋಶಕ್ಕೆ ಹೋಗಬಹುದು. ಸೀದಾ ಆಸ್ಪತ್ರೆಗೆ ಓಡಬೇಕು.) ಆಸ್ಪತ್ರೆಯಲ್ಲಿ ಚುಚ್ಚಿ ನೋಡಿದಾಗ, ಅಷ್ಟು ಬೆಲ್ಲ ಹೋದ ಮೇಲೂ 52. 70ಕ್ಕಿಂತ ಕೆಳಗೆ ಇಳಿದರೇ ಕಡಿಮೆ ಅಂತ ಲೆಕ್ಕ. ಈ ಮಾತ್ರೆಯ ಪ್ರಭಾವ ಬೇಗ ಹೋಗುವುದಿಲ್ಲ, ಏರಿದ್ದು ಮತ್ತೆ ಇಳಿಯಬಹುದು ಅಂತ ಒಂದು ದಿನ ಡ್ರಿಪ್ ಹಾಕಿ ಮಲಗಿಸಿದರು.

ಅತ್ತೆ ಸಂಜೆ ಫ್ಲಾಸ್ಕ್ ಹಿಡಿದು ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದರು, ಆದರೆ ನಾನು ಅಂದುಕೊಂಡಿದ್ದಕ್ಕಲ್ಲ.

"ನನಗೆ ಬಿ.ಪಿ. ಮಾತ್ರೆ ಇಲ್ವಾ? ಬೆಳಗ್ಗೆ ಕಾಫಿ ಕುಡಿದು ಮಾತ್ರೆ ನುಂಗಿಯೇ ನಾನು ಪೂಜೆಗೆ ಕೂತಿದ್ದು."

"ನೀವೇ ಅಲ್ವಾ ಅತ್ತೆ ಏನೂ ತಿನ್ನಬೇಡ ಅಂದಿದ್ದು?"

"ತಿನ್ನಬೇಡ ಅಂದೆ. ಕುಡೀಬೇಡ ಅಂದೆನಾ?"

ಕಾಫಿಗೆ ದೋಷವಿಲ್ಲ ಅನ್ನುವುದು ನಮ್ಮ ಕಡೆಯ ಎಷ್ಟೋ ಮನೆಗಳ ಶಾಸ್ತ್ರ. ಅದು ಗೊತ್ತಿದ್ದೂ ನಾನು ಕೇಳಲಿಲ್ಲ. ಆಮೇಲೆ ಅವರು ಸ್ವಲ್ಪ ಹೊತ್ತು ಸುಮ್ನೆ ಕೂತು, "ಹೇಳಿದ್ದರೆ ನಿನಗೆ ತಿಂಡಿ ಕೊಡ್ತಿರಲಿಲ್ವೇನೇ ನಾನು?" ಅಂದರು. ಸುಟ್ಟ ಕೈಗಿಂತ ಆ ಮಾತು ಜಾಸ್ತಿ ಉರಿಯಿತು.

ನನ್ನನ್ನು ಕ್ಷಮಿಸಿದರು. ನಮ್ಮಮ್ಮನನ್ನು ಕ್ಷಮಿಸಲಿಲ್ಲ. "ಮುಚ್ಚಿಟ್ಟು ಹೆಣ್ಣು ಕೊಟ್ಟರು" ಅನ್ನುವ ಮಾತು ಬಂತು. ಅದೇ ಭಾದ್ರಪದದ ಗೌರಿ ಹಬ್ಬಕ್ಕೆ ಅಪ್ಪ ತವರಿನ ಬಾಗಿನ ಹಿಡಿದು ಮೈಸೂರಿಗೆ ಬಂದರು. ಬಾಗಿನ ಕೊಟ್ಟು, ಒಂದು ಲೋಟ ನೀರು ಕುಡಿದು, ಮಧ್ಯಾಹ್ನದ ಬಸ್ಸಿಗೇ ವಾಪಸ್ ಹೋದರು. ಹಬ್ಬದ ದಿನ, ಒಬ್ಬಟ್ಟಿನ ವಾಸನೆ ಬೀದಿವರೆಗೆ ಬರುತ್ತಿತ್ತು, ಎಲೆ ಹಾಕ್ತೀವಿ ಕೂತ್ಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಬೀಗಿತ್ತಿಯರು ಮತ್ತೆ ಮಾತಾಡುವುದಕ್ಕೆ ಒಂದು ವರ್ಷ ಹಿಡಿಯಿತು.

ಅದಕ್ಕೇ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ ತಂಗಿ. ಬಿಸ್ಕೆಟ್ಟಾ, ಖರ್ಜೂರವಾ, ಎಷ್ಟು ಗಂಟೆಗೆ, ಇದೆಲ್ಲ ಬಿಡಿ. ಕದ್ದು ತಿನ್ನುವ ಯಾವ ಉಪಾಯವೂ ಹಬ್ಬದ ಮನೆಯಲ್ಲಿ ನಡೆಯುವುದಿಲ್ಲ. ನಿಮಗೆ ಆಗಿರುವುದು ಉಪವಾಸದ ತೊಂದರೆಯೇ ಅಲ್ಲ. ಮುಚ್ಚಿಟ್ಟಿರುವ ತೊಂದರೆ.

ಅತ್ತೆ ಒಳ್ಳೆಯವರಲ್ಲ ಅಂತ ಬರೆದಿದ್ದೀರಿ. ಇರಬಹುದು. ನಮ್ಮತ್ತೆಯೂ ಜೋರೇ. ಆದರೆ ಒಳ್ಳೆಯವರಲ್ಲದವರಿಗೆ ಆಸ್ಪತ್ರೆಯ ಮಂಚದ ಮೇಲೆ ಗೊತ್ತಾಗುವುದಕ್ಕಿಂತ ನಡುಮನೆಯಲ್ಲಿ ಗೊತ್ತಾಗುವುದು ವಾಸಿ. ಗಂಡನ ಕೈಲಿ ಹೇಳಿಸಿ, ನೀವು ಪಕ್ಕದಲ್ಲೇ ಕೂತಿರಿ. ದಿನ ಗೊತ್ತು ಮಾಡಿ ಹೇಳಿಸಿ. "ನಿಧಾನವಾಗಿ" ಅಂದರೆ ಒಪ್ಪಬೇಡಿ. ಪೂಜೆಯ ಬೆಳಗ್ಗೆ ಬೇಡ, ಎರಡು ಮೂರು ದಿನ ಮೊದಲೇ ಆಗಲಿ.

ಅದಕ್ಕೂ ಮೊದಲು ನಿಮ್ಮ ಡಾಕ್ಟರ ಹತ್ತಿರ ಮಾತ್ರೆಯ ಪಟ್ಟಿ ತೋರಿಸಿ ಕೇಳಿ: ಇದರಲ್ಲಿ ಊಟ ತಪ್ಪಿದರೆ ಸಕ್ಕರೆ ಇಳಿಸುವ ಮಾತ್ರೆ ಯಾವುದು? ತಿಂಡಿ ತಡವಾಗುವ ದಿನ ಅದನ್ನು ಯಾವಾಗ ತಗೊಳ್ಳಲಿ, ಕಡಿಮೆ ಮಾಡಲಾ? ನನ್ನ ಕಥೆ ಓದಿ ನೀವೇ ಮಾತ್ರೆ ಬಿಟ್ಟುಬಿಡಬೇಡಿ, ಅದು ಇನ್ನೊಂದು ತಪ್ಪಾಗುತ್ತದೆ. ಬೆವರು, ನಡುಕ, ಮಂಕು ಬಂದ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ, ಕಾಲು ಗಂಟೆ ಬಿಟ್ಟು ಮೀಟರಿನಲ್ಲಿ ನೋಡಿ, ಏರದಿದ್ದರೆ ಮತ್ತೆ ಕುಡಿಯಿರಿ. ಆಗ ಮಡಿ, ಮೈಲಿಗೆ ಯಾವುದನ್ನೂ ನೋಡಬೇಡಿ.

ಇನ್ನು ವ್ರತದ ವಿಷಯ. ಇದು ಉತ್ತರದವರ ಕರ್ವಾ ಚೌತ್ ಅಲ್ಲ. ಅಲ್ಲಿ ಚಂದ್ರ ಕಾಣುವ ತನಕ ಹನಿ ನೀರೂ ಇಲ್ಲ. ಸೀರಿಯಲ್ ನೋಡಿ ನೋಡಿ ನಮ್ಮ ಹುಡುಗಿಯರು ಎಲ್ಲಾ ವ್ರತಕ್ಕೂ ಅದೇ ಕಟ್ಟುಪಾಡು ಹಾಕಿಕೊಳ್ಳುತ್ತಿದ್ದಾರೆ. ಮಂಗಳಗೌರಿ ಮದುವೆಯಾದ ಮೇಲೆ ಐದು ವರ್ಷ, ಶ್ರಾವಣದ ನಾಲ್ಕೋ ಐದೋ ಮಂಗಳವಾರ ಮಾಡುವ ಪೂಜೆ. 16 ದೀಪ, ಕಾಡಿಗೆ, ಕಥೆ, ಬಾಗಿನ, ಕೊನೆಗೆ ಉದ್ಯಾಪನೆ. ಪೂಜೆಯ ತನಕ ಖಾಲಿ ಹೊಟ್ಟೆ ಅನ್ನುವವರಿದ್ದಾರೆ, ಒಪ್ಪೊತ್ತು ಅನ್ನುವವರಿದ್ದಾರೆ, ಅನ್ನ ಒಂದು ಬಿಟ್ಟು ಅವಲಕ್ಕಿ, ಉಪ್ಪಿಟ್ಟು ಆಗಬಹುದು ಅನ್ನುವವರಿದ್ದಾರೆ. ಮನೆಗೊಂದು ಪದ್ಧತಿ. ಪದ್ಧತಿ ಮನೆಯವರದ್ದಾದ ಮೇಲೆ ಬದಲಾಯಿಸುವವರೂ ಮನೆಯವರೇ ಅಲ್ವಾ? ಮುಂದಿನ ಮಂಗಳವಾರವೇ ನಮ್ಮತ್ತೆ ನನ್ನನ್ನು ಕೂರಿಸಿ ಅವಲಕ್ಕಿ ತಿನ್ನಿಸಿ ಆಮೇಲೆ ಪೂಜೆಗೆ ಎಬ್ಬಿಸಿದರು. ಪಕ್ಕದ ಮನೆ ಅಜ್ಜಿ ಹುಬ್ಬು ಏರಿಸಿದ್ದಕ್ಕೆ, "ಅವಳ ಹೊಟ್ಟೆ ತಣ್ಣಗಿದ್ದರೆ ತಾನೇ ಗೌರಿ ಅವಳ ಹತ್ತಿರ ಚಿಲ್ಲರೆ ಕೇಳದೇ ಇರೋದು" ಅಂದರು.

ಆವತ್ತು ಅರ್ಧಕ್ಕೆ ನಿಂತಿದ್ದ ಕಥೆಯನ್ನು ಆ ವಾರ ಪೂರ್ತಿ ಕೇಳಿದೆ. ಹುಡುಗನಿಗೆ 16 ವರ್ಷಕ್ಕೇ ಆಯಸ್ಸು ಮುಗಿಯುತ್ತದೆ. ಕೈಹಿಡಿದ ಸುಶೀಲೆಗೆ ಅದು ಗೊತ್ತಿಲ್ಲ. ರಾತ್ರಿ ಹಾವು ಬರುತ್ತದೆ, ಹಾಲು ಇಡು, ಕಳಶದೊಳಗೆ ಹೋದಾಗ ಬಾಯಿ ಕಟ್ಟು ಅಂತ ಗೌರಿಯೇ ಕನಸಿನಲ್ಲಿ ಬಂದು ಹೇಳುತ್ತಾಳೆ. ಗಂಡ ಉಳಿಯುತ್ತಾನೆ. ಇಷ್ಟು ವರ್ಷ ನಾನು ಹಾವನ್ನೇ ನೆನಪಿಟ್ಟುಕೊಂಡಿದ್ದೆ. ಮನೆಯವರು ಬಾಯಿ ಬಿಡದಿದ್ದಕ್ಕೆ ದೇವರು ಬಂದು ಹೇಳಬೇಕಾಯಿತು ಅನ್ನುವುದು ಆ ದಿನ ಕಂಡಿತು. ನಮ್ಮನೆಯವರು ಪಕ್ಕದಲ್ಲೇ ಕೂತಿದ್ದರು, ತಲೆ ಎತ್ತಲಿಲ್ಲ.

ಐದೂ ವರ್ಷ ಮುಗಿಸಿದೆ. ಉದ್ಯಾಪನೆಗೆ ತುಮಕೂರಿನಿಂದ ಅಮ್ಮ, ಅಪ್ಪ ಇಬ್ಬರೂ ಬಂದರು, ಅತ್ತೆ ಅಪ್ಪನಿಗೆ ಎರಡನೇ ಸಲ ಪಾಯಸ ಬಡಿಸಿದರು. ಅಪ್ಪನಿಗೂ ಸಕ್ಕರೆ ಕಾಯಿಲೆ ಅಂತ ಆಮೇಲೆ ನೆನಪಾಗಿ ಬಟ್ಟಲು ವಾಪಸ್ ತಗೊಂಡರು.

ತಂಬಿಟ್ಟಿನ ಪ್ರಶ್ನೆ ಉಳಿಯಿತು. ಬೆಲ್ಲ, ಕೊಬ್ಬರಿ, ತುಪ್ಪ, ಹಿಟ್ಟು ಎಲ್ಲಾ ಇರುವ ಪದಾರ್ಥ ಅದು, ಸಕ್ಕರೆ ಏರಿಸುವುದರಲ್ಲಿ ಅನುಮಾನವೇ ಇಲ್ಲ. ಒಂದು ಚೂರು, ಅದೂ ಊಟದ ಜೊತೆ. ನಮ್ಮತ್ತೆ ಪ್ರತಿ ಸಲ ಒಂದು ದೀಪವನ್ನು ನನಗೆ ಅಂತ ತೆಗೆದಿಡುತ್ತಿದ್ದರು. ಕೊಡುವಾಗ ಮುರಿದು, ಮುಕ್ಕಾಲು ಪಾಲು ಮಗನ ಎಲೆಗೆ ಹಾಕುತ್ತಿದ್ದರು.