ಓದುಗರ ಪ್ರಶ್ನೆ, ವ್ಯಂಗ್ಯಚಿತ್ರಕಾರರ ಉತ್ತರ: ಚಿತ್ರಕಥೆಯ ಪುಟ, ಹಕ್ಕು, ಮಾರಾಟ

ಪ್ರಶ್ನೆ: ಮಕ್ಕಳಿಗಾಗಿ 40 ಪುಟಗಳ ಬಣ್ಣದ ಚಿತ್ರಕಥೆಯೊಂದನ್ನು ಬರೆದಿದ್ದೇನೆ. ಮುದ್ರಕರು ಅದನ್ನು 32 ಪುಟಗಳಿಗೆ ಇಳಿಸಲು ಹೇಳುತ್ತಿದ್ದಾರೆ. ಇಳಿಸಲೇ? (ಚಿತ್ರಕಲಾ ಶಿಕ್ಷಕರು, ಧಾರವಾಡ)

ಉತ್ತರ: ಮುದ್ರಕರ ಸಲಹೆಯ ಹಿಂದೆ ಇರುವುದು ಫಾರಂ ಲೆಕ್ಕ. ಡೆಮಿ 1/8 ಅಳತೆಯಲ್ಲಿ ಒಂದು ಫಾರಂ (ಅಚ್ಚು ಹಾಕಿ ಮಡಚುವ ಒಂದು ದೊಡ್ಡ ಹಾಳೆ) ಎಂದರೆ 16 ಪುಟ, ಹಾಳೆಯ ಒಂದೊಂದು ಮಗ್ಗುಲಿಗೆ 8 ಪುಟ. ಕಪ್ಪು-ಬಿಳುಪಾದರೆ ಮಗ್ಗುಲಿಗೆ ಒಂದೇ ಪ್ಲೇಟು (ಅಚ್ಚಿನ ತಗಡು) ಸಾಕಾಗುತ್ತದೆ. ಬಣ್ಣಕ್ಕೆ ನಾಲ್ಕು ಬೇಕು. ಹೀಗಾಗಿ 32 ಪುಟಗಳ ಪುಸ್ತಕಕ್ಕೆ ಕಪ್ಪು-ಬಿಳುಪಿನಲ್ಲಿ 4 ಪ್ಲೇಟು ಸಾಕಾದರೆ ಬಣ್ಣದಲ್ಲಿ 16 ಪ್ಲೇಟು ಬೀಳುತ್ತದೆ, ಅದೂ ರಕ್ಷಾಪುಟವನ್ನು ಬಿಟ್ಟು. ನಿಮ್ಮ 40 ಪುಟ ಎರಡೂವರೆ ಫಾರಂ ಆಗುತ್ತದೆ. ಅರ್ಧ ಫಾರಂ ಹಾಕಬಾರದೆಂದೇನಿಲ್ಲ, ಖರ್ಚು ಏರುತ್ತದೆ ಅಷ್ಟೆ. ಮುಗಿದ ಕಥೆಯ ಎಂಟು ಪುಟಗಳನ್ನು ಕಿತ್ತುಹಾಕುವುದಕ್ಕಿಂತ, ರಕ್ಷಾಪುಟವನ್ನು ಮಾತ್ರ ಬಣ್ಣದಲ್ಲಿಟ್ಟು ಒಳಪುಟಗಳನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸುವುದು ಮೇಲು. ಬಣ್ಣವಿಲ್ಲದಿದ್ದರೆ ಮಕ್ಕಳು ಮುಟ್ಟುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗಟ್ಟಿಯಾದ ರೇಖೆಯೇ ಕಥೆಯನ್ನು ಹೊತ್ತು ನಡೆಸಬಲ್ಲದು. 1942ರಲ್ಲಿ ಆರಂಭವಾದ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಮೈಸೂರಿನ ಆರ್.ಕೆ. ಲಕ್ಷ್ಮಣ್ ಬರೆದ ಚಿತ್ರಗಳಲ್ಲಿ ಇದ್ದುದೂ ಆ ರೇಖೆಯ ಬಲವೇ. ಮುಂದಿನ ಪುಸ್ತಕಕ್ಕಾದರೆ ಫಾರಂ ಎಷ್ಟೆಂದು ಮೊದಲೇ ನಿಶ್ಚಯಿಸಿಕೊಂಡು ಆಮೇಲೆ ಕಥೆಯನ್ನು ಚೌಕಗಳಿಗೆ ಹಂಚಿರಿ.

ಪ್ರಶ್ನೆ: ಮಾತಿನ ಗುಳ್ಳೆಗಳಲ್ಲಿ ಅಕ್ಷರಗಳು ಯಾವಾಗಲೂ ಇಕ್ಕಟ್ಟಾಗುತ್ತವೆ. ಏನು ಮಾಡಬೇಕು? (ಶಿವಮೊಗ್ಗ)

ಉತ್ತರ: ಚಿತ್ರ ಮುಗಿದ ಮೇಲೆ ಉಳಿದ ಜಾಗದಲ್ಲಿ ಅಕ್ಷರ ತುಂಬುವ ಅಭ್ಯಾಸವೇ ಇದಕ್ಕೆ ಕಾರಣ. ‘ಲಕ್ಷ್ಮಿ’ ಎಂದು ಬರೆದು ನೋಡಿರಿ: ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲೆ ಏರುತ್ತದೆ. ಸಾಲುಗಳ ನಡುವೆ ಅಂತರ ಸಾಲದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗಿ, ಚಿಕ್ಕ ಮಕ್ಕಳಿಗೆ ಎರಡೂ ಓದಲು ಬಾರದಂತಾಗುತ್ತವೆ. ಪೆನ್ಸಿಲ್ ನಕ್ಷೆಯ ಹಂತದಲ್ಲಿಯೇ ಮಾತುಗಳನ್ನು ಪೂರ್ತಿಯಾಗಿ ಬರೆದು, ಸುತ್ತ ಗುಳ್ಳೆ ಎಳೆದು, ಆನಂತರ ಪಾತ್ರಗಳನ್ನು ನಿಲ್ಲಿಸಿರಿ. ಒಂದು ಗುಳ್ಳೆಯ ಮಾತನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿದ್ದರೆ ಅದನ್ನು ಎರಡು ಮಾಡಿರಿ.

ಪ್ರಶ್ನೆ: ಪ್ರಕಾಶಕರೊಬ್ಬರು ಒಂದೇ ಮೊತ್ತ ಕೊಟ್ಟು ‘ಎಲ್ಲ ಹಕ್ಕುಗಳನ್ನೂ’ ಬರೆದುಕೊಡಲು ಕೇಳುತ್ತಿದ್ದಾರೆ. ಹಣದ ಅಗತ್ಯವೂ ಇದೆ. ಸಹಿ ಹಾಕಬಹುದೇ? (ಯುವ ಕಲಾವಿದೆ, ಬೆಂಗಳೂರು)

ಉತ್ತರ: ದಯವಿಟ್ಟು ಈಗಲೇ ಸಹಿ ಹಾಕಬೇಡಿರಿ. ನೀವು ಯಾರ ಸಂಬಳದ ನೌಕರಿಯಲ್ಲಿಯೂ ಇಲ್ಲದೆ ಸ್ವತಂತ್ರವಾಗಿ ಕಥೆ ಕಟ್ಟಿ ಚಿತ್ರ ಬರೆದಿದ್ದರೆ, 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅದರ ಮೊದಲ ಒಡೆಯರು ನೀವೇ, ಮತ್ತು ಆ ಹಕ್ಕು ನಿಮ್ಮ ಜೀವಿತಾವಧಿಯಲ್ಲದೆ ಆನಂತರದ 60 ವರ್ಷಗಳವರೆಗೂ ಉಳಿಯುತ್ತದೆ. ಹಕ್ಕನ್ನು ವರ್ಗಾಯಿಸಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು, ಬಾಯಿಮಾತು ನಿಲ್ಲುವುದಿಲ್ಲ. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಕಾಯಿದೆಯ 19ನೆಯ ಕಲಂ ತಿಳಿಯುತ್ತದೆ. ಆದರೆ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಒಪ್ಪಂದದಲ್ಲಿ ಬರೆದಿದ್ದರೆ ಈ ರಕ್ಷಣೆ ನಿಮಗೆ ಒದಗುವುದಿಲ್ಲ. ಆದ್ದರಿಂದ ಆ ಎರಡು ಪದಗಳನ್ನು ಹುಡುಕಿ ತೆಗೆಸಿರಿ. ಕನ್ನಡದಲ್ಲಿ ಪುಸ್ತಕರೂಪದ ಪ್ರಕಟಣೆಯ ಹಕ್ಕನ್ನು ಮಾತ್ರ, ಇಷ್ಟು ವರ್ಷಕ್ಕೆ ಎಂದು ಕೊಟ್ಟು, ಅನುವಾದ, ಅನಿಮೇಷನ್, ಆಟಿಕೆ, ಅಂಗಿಯ ಮೇಲಿನ ಚಿತ್ರ ಇವೆಲ್ಲವನ್ನೂ ನಿಮ್ಮಲ್ಲಿಯೇ ಉಳಿಸಿಕೊಳ್ಳಿರಿ. ಚಿತ್ರಕಥೆಯ ಪಾತ್ರವೊಂದು ಜನರ ಮನಸ್ಸಿಗೆ ಹಿಡಿಸಿದರೆ ನಿಜವಾದ ಸಂಪಾದನೆ ಬರುವುದು ಎರಡನೆಯ, ಮೂರನೆಯ ಪುಸ್ತಕದಿಂದ. ಅಷ್ಟು ಹೊತ್ತಿಗೆ ಪಾತ್ರವೇ ಬೇರೆಯವರದಾಗಿದ್ದರೆ, ಅದಕ್ಕೆ ಜೀವ ಕೊಟ್ಟ ಕೈಗೆ ಕೂಲಿ ಬಿಟ್ಟು ಬೇರೇನೂ ದಕ್ಕುವುದಿಲ್ಲ. ಹಣದ ತುರ್ತಿದ್ದರೆ ಗೌರವಧನಕ್ಕೆ ಸೇರುವ ಮುಂಗಡ ಕೇಳಿರಿ. ಅದು ಅನುಚಿತವಾದ ಬೇಡಿಕೆಯಲ್ಲ.

ಪ್ರಶ್ನೆ: ಪುಸ್ತಕದಂಗಡಿಗಳಲ್ಲಿ ಕನ್ನಡ ಚಿತ್ರಕಥೆಗೆ ಜಾಗವೇ ಇಲ್ಲ. ಎಲ್ಲಿ ಮಾರುವುದು? (ಕುಂದಾಪುರ)

ಉತ್ತರ: ಅಂಗಡಿಯನ್ನೇ ನಂಬಿ ಕೂರಬೇಡಿರಿ. ಕಾರ್ಕಳದಲ್ಲಿ ಹುಟ್ಟಿ ಅಮರ ಚಿತ್ರಕಥೆಯನ್ನು ಕಟ್ಟಿದ ಅನಂತ ಪೈ ಅವರು ಶಾಲೆಗಳನ್ನು ಹುಡುಕಿಕೊಂಡು ಹೋದವರು; 1978ರಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರವನ್ನು ಕುರಿತು ವಿಚಾರಸಂಕಿರಣವೇ ನಡೆಯಿತು. ನಿಮ್ಮ ತಾಲ್ಲೂಕಿನ ಶಾಲೆಗಳ ವಾರ್ಷಿಕೋತ್ಸವ, ಜಾತ್ರೆ, ಸಾಹಿತ್ಯ ಸಮ್ಮೇಳನದ ಮಳಿಗೆ ಇವೇ ನಮ್ಮ ನಿಜವಾದ ಮಾರುಕಟ್ಟೆ. ಮಳಿಗೆಯಲ್ಲಿ ಪುಸ್ತಕಗಳನ್ನು ಅಡ್ಡಡ್ಡ ಪೇರಿಸಿಡದೆ, ಒಂದು ಪ್ರತಿಯನ್ನು ಮಗುವಿನ ಎತ್ತರಕ್ಕೆ ಸಿಗುವಂತೆ ಬಿಚ್ಚಿಡಿರಿ. ನಾಲ್ಕು ಪುಟ ಓದಿದ ಮಗುವಿನ ಕೈಯಿಂದ ಪುಸ್ತಕವನ್ನು ಹಿಂದಕ್ಕೆ ಪಡೆಯುವುದು ತಂದೆತಾಯಿಗೂ ಕಷ್ಟ. ಮಾರಾಟಗಾರರಿಗೆ ನೂರಕ್ಕೆ 30ರಿಂದ 40 ರಿಯಾಯಿತಿ ಕೊಡಬೇಕಾಗುತ್ತದೆಂಬುದನ್ನು ಬೆಲೆ ನಿಗದಿ ಮಾಡುವಾಗಲೇ ಎಣಿಸಿರಿ, ನೇರವಾಗಿ ಮಾರಿದರೆ ಅದು ನಿಮಗೇ ಉಳಿಯುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಖರೀದಿಗೂ ಅರ್ಜಿ ಹಾಕಿರಿ, ಆದರೆ ಅಲ್ಲಿಯ ಪುಟಲೆಕ್ಕದ ದರದಲ್ಲಿ ಚಿತ್ರಕ್ಕೆ ತಗುಲುವ ಶ್ರಮ ಕಾಣುವುದಿಲ್ಲ. ಚಿತ್ರಕಥೆಗೆ ಪ್ರತ್ಯೇಕ ದರ ಬೇಕೆಂದು ನಾವೆಲ್ಲ ಒಟ್ಟಾಗಿ ಕೇಳಬೇಕಾದ ಕಾಲ ಬಂದಿದೆ.

ಪ್ರಶ್ನೆ: ಸ್ವಂತವಾಗಿ ಪ್ರಕಟಿಸುವವರಿಗೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸಿಗುತ್ತದೆಯೇ? (ಬಳ್ಳಾರಿ)

ಉತ್ತರ: ಸಿಗುತ್ತದೆ, ಅದಕ್ಕೆ ಶುಲ್ಕವಿಲ್ಲ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಬಹುದು. ರಕ್ಷಾಪುಟ ಅಚ್ಚಿಗೆ ಹೋಗುವ ಮೊದಲೇ ಸಂಖ್ಯೆ ಕೈಗೆ ಬರುವಂತೆ ನೋಡಿಕೊಳ್ಳಿರಿ.