ಬೋರ್ ನೀರು, ಹಲ್ಲಿನ ಕ್ಲಿಪ್ ಮತ್ತು ನಿಲ್ಲಿಸಿದ ಪೇಸ್ಟ್

ಲಿಂಗಸುಗೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಮಗಳಿಗೆ 13 ವರ್ಷ. ಹೋದ ವರ್ಷ ಹಲ್ಲಿಗೆ ಕ್ಲಿಪ್ ಹಾಕಿಸಿದೆವು. ಈಗ ತಂತಿ ಮಸುಕಾಗಿದೆ, ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಚಿಕ್ಕ ತುಂಡು) ಸುತ್ತ ಕಪ್ಪು ಕಾಣುತ್ತದೆ. ನಮ್ಮದು ಸೌಳು ಬೋರ್ ನೀರು, ಮನೆಯ ಪೈಪೇ ತುಕ್ಕು ಹಿಡಿದಿದೆ. ಬಾಯೊಳಗಿನ ತಂತಿಯೂ ತುಕ್ಕಾಗಿ ಹೊಟ್ಟೆಗೆ ಹೋಗುತ್ತಾ? ಪೇಸ್ಟಿನ ಫ್ಲೋರೈಡ್‌ನಿಂದ ತಂತಿ ಹಾಳಾಗುತ್ತದೆ ಅಂದರು, ಅದಕ್ಕೆ ಪೇಸ್ಟ್ ನಿಲ್ಲಿಸಿ ಇದ್ದಿಲು ಪುಡಿ ಕೊಡುತ್ತಿದ್ದೇನೆ. ಕ್ಲಿಪ್ ಬಿಚ್ಚಿಸಿಬಿಡಲಾ?"

ಅಕ್ಕಾರೆ, ಬಿಚ್ಚಿಸಬೇಡಿ. ಆದರೆ ಪೇಸ್ಟನ್ನು ಇವತ್ತೇ ಶುರು ಮಾಡಿ. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಇದ್ದಿಲು ಪುಡಿ, ತಂತಿಯಲ್ಲ.

ಮೊದಲು ಪೈಪಿನ ವಿಷಯ. ಅದು ಕಬ್ಬಿಣ, ಮೇಲೆ ಸತುವಿನ ಲೇಪ. ಲೇಪ ಸವೆದರೆ ತುಕ್ಕು ತಪ್ಪಿದ್ದಲ್ಲ. ಕ್ಲಿಪ್ಪಿನ ಸ್ಟೀಲ್‌ನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ಗಾಳಿ ತಾಗಿದ ಕೂಡಲೇ ಕ್ರೋಮಿಯಂ ತನ್ನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಆರಂಭದಲ್ಲಿ ಹಾಕುವ ಸ್ಪ್ರಿಂಗಿನಂಥ ತಂತಿ ನಿಕ್ಕಲ್-ಟೈಟೇನಿಯಂ. ಅದನ್ನು ಟೈಟೇನಿಯಂ ಪೊರೆ ಕಾಯುತ್ತದೆ. (1930ರ ಹೊತ್ತಿಗೆ ಸ್ಟೀಲ್ ಬರುವ ತನಕ ಹಲ್ಲಿನ ತಂತಿ ಹೆಚ್ಚಾಗಿ ಚಿನ್ನದ ಮಿಶ್ರಣದ್ದು. ಹಟ್ಟಿಯ ಗಣಿ ನಿಮ್ಮ ತಾಲ್ಲೂಕಿನಲ್ಲೇ ಇದ್ದರೂ ಇವತ್ತಿನ ರೇಟಿಗೆ ಆ ಮಾತು ಬೇಡ ಬಿಡಿ.)

ಹಾಗಂತ ತಂತಿ ಒಂದಿಷ್ಟೂ ಸವೆಯಲ್ಲ ಅಂದರೆ ಸುಳ್ಳಾಗುತ್ತದೆ. ಸವೆಯುತ್ತದೆ, ಅದಕ್ಕೆ ಜಾಗವೂ ಗೊತ್ತಿದೆ. ಬ್ರಾಕೆಟ್‌ನ ಸಂದಿ, ರಬ್ಬರ್ ಕೂತ ಕಡೆ, ತಂತಿಗೆ ತಂತಿ ಉಜ್ಜುವ ಕಡೆ. ಅಲ್ಲಿ ಊಟದ ಚೂರು ಸಿಕ್ಕಿ ಬಿಳಿ ಮೆತ್ತನೆ ಪಾಚಿ ಕಟ್ಟುತ್ತದೆ. ಪಾಚಿಯೊಳಗಿನ ಕ್ರಿಮಿಗಳು ಸಕ್ಕರೆ ತಿಂದು ಹುಳಿ ಬಿಡುತ್ತವೆ. ಅದರಡಿಯಲ್ಲಿ ಆಮ್ಲಜನಕವೂ ಕಡಿಮೆ, ಹಾಗಾಗಿ ಪೊರೆ ಮತ್ತೆ ಕಟ್ಟಿಕೊಳ್ಳಲು ಒದ್ದಾಡುತ್ತದೆ. ಎಲ್ಲಕ್ಕಿಂತ ಬೇಗ ಕಪ್ಪಾಗುವುದು ಬೆಳ್ಳಿ ಬೆಸುಗೆ ಹಾಕಿದ ಜಾಗ, ದವಡೆ ಹಲ್ಲಿನ ಪಟ್ಟಿಗೆ ತಂತಿ ಕೂಡಿಸಿದ ಕಡೆ. ಅಲ್ಲಿ ಎರಡು ಬೇರೆ ಲೋಹ ಜೊಲ್ಲಿನಲ್ಲಿ ನೆನೆದು ಸಣ್ಣ ಬ್ಯಾಟರಿಯೇ ಆಗುತ್ತದೆ.

ಆದರೆ ಕಂಡ ಕಪ್ಪೆಲ್ಲ ತುಕ್ಕಲ್ಲ. ರಕ್ತ ಕಡಿಮೆ ಅಂತ ಕಬ್ಬಿಣದ ಸಿರಪ್ ಕೊಡುತ್ತಿದ್ದೀರಾ? ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್? ಎರಡೂ ಕಲೆ ಮಾಡುತ್ತವೆ. ಇದ್ದಿಲಿನ ಕಪ್ಪು ಸಂದಿಯಲ್ಲಿ ಕೂತಿರಲೂಬಹುದು ಅಲ್ವಾ?

ಹೊಟ್ಟೆಗೆ ಹೋಗುವುದು ಎಷ್ಟು? ಪ್ರಯೋಗಾಲಯದಲ್ಲಿ ಅಳೆದಾಗ ಪೂರ್ತಿ ಬಾಯಿಯ ಕ್ಲಿಪ್ಪಿನಿಂದ ದಿನಕ್ಕೆ ಸುಮಾರು 40 ಮೈಕ್ರೋಗ್ರಾಂ ನಿಕ್ಕಲ್ ಬಿಟ್ಟಿದ್ದು ಕಂಡಿದೆ. ದಿನದ ಊಟದಲ್ಲೇ 200-300 ಮೈಕ್ರೋಗ್ರಾಂ ಇರುತ್ತದೆ. ಬೇಳೆ, ಶೇಂಗಾ, ಚಾಕಲೇಟಿನಲ್ಲಿ ನಿಕ್ಕಲ್ ಜಾಸ್ತಿ. ಶೇಂಗಾ ಚಟ್ನಿಗೆ ಹೆದರದವರು ತಂತಿಗೆ ಹೆದರಬೇಕಿಲ್ಲ. ವಿಷ ಅನ್ನುವ ಮಾತು ಇಲ್ಲಿ ಹೊಂದುವುದಿಲ್ಲ. ಅಲರ್ಜಿ ಅನ್ನುವುದು ಹೊಂದುತ್ತದೆ. ಗಿಲೀಟು ಓಲೆ ಹಾಕಿದಾಗ ಮಗಳ ಕಿವಿ ತುರಿಸಿ ನೀರು ಸೋರುತ್ತಿತ್ತಾ? ಹಾಗಿದ್ದರೆ ಡಾಕ್ಟರಿಗೆ ಹೇಳಿ. ಚೆನ್ನಾಗಿ ಉಜ್ಜಿದರೂ ಒಸಡು ಕೆಂಪಗೆ ಊದಿದ್ದರೆ, ತುಟಿಯ ಅಂಚು ಒಡೆದು ತುರಿಸಿದರೆ ತೋರಿಸಿ. ಟೈಟೇನಿಯಂ ಅಥವಾ ಸೆರಾಮಿಕ್ ಬ್ರಾಕೆಟ್, ನಿಕ್ಕಲ್ ಇಲ್ಲದ ತಂತಿ ಸಿಗುತ್ತವೆ.

ಇನ್ನು ಫ್ಲೋರೈಡ್. ನಿಮಗೆ ಹೇಳಿದವರು ಅರ್ಧ ಸರಿ. ಗಾಢವಾದ, ಹುಳಿ ಗುಣದ ಫ್ಲೋರೈಡ್ ಜೆಲ್ ಟೈಟೇನಿಯಂ ಪೊರೆಯನ್ನು ತಿನ್ನುತ್ತದೆ. ಮನೆಯ ಪೇಸ್ಟ್ ಹಾಗಲ್ಲ, ಬಾಯಲ್ಲಿರುವುದೂ ಎರಡು ನಿಮಿಷ. ಕುಡಿಯುವ ನೀರಿನಲ್ಲಂತೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ನಿಯಮ. ಪೇಸ್ಟಿನಲ್ಲಿ ಕಿಲೋಗೆ ಸುಮಾರು 1000 ಮಿಲಿಗ್ರಾಂ. ಹಾಗಾಗಿ ಬೋರ್ ನೀರಿನ ಫ್ಲೋರೈಡ್ ತಂತಿಯನ್ನು ಏನೂ ಮಾಡದು. ಅದು ಹೆಚ್ಚಾದರೆ ಕೆಡಿಸುವುದು ಹಲ್ಲನ್ನು, ಅದೂ ಹಲ್ಲು ಒಸಡಿನೊಳಗೆ ಬೆಳೆಯುವ ಮೊದಲ ಏಳೆಂಟು ವರ್ಷ. ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಾಣುವ ಕಂದು ಪಟ್ಟೆ ಅದೇ. ಅಂಥ ಹಲ್ಲಿನ ಮೇಲ್ಪದರಕ್ಕೆ ಅಂಟು ಹಾಕುವ ಮುಂಚೆ ಹಚ್ಚುವ ಆಸಿಡ್ ಸರಿಯಾಗಿ ನಾಟುವುದಿಲ್ಲ, ಬ್ರಾಕೆಟ್ ಪದೇ ಪದೇ ಉದುರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನೀರಿನ ಚಿಂತೆ ಅವರಿಗಾಗಿ ಮಾಡಿ.

ಪೇಸ್ಟ್ ಯಾಕೆ ಬೇಕು ಅಂದರೆ, ಪಾಚಿಯ ಹುಳಿ ತಂತಿಗಿಂತ ಮುಂಚೆ ಹಲ್ಲನ್ನೇ ಕರಗಿಸುತ್ತದೆ. ಬ್ರಾಕೆಟ್ ಸುತ್ತ ಸುಣ್ಣದಂಥ ಬಿಳಿ ಮಚ್ಚೆ ಏಳುತ್ತದೆ, ಕ್ಲಿಪ್ ಬಿಚ್ಚಿದ ಮೇಲೂ ಸುಲಭಕ್ಕೆ ಹೋಗುವುದಿಲ್ಲ. ಅದನ್ನು ತಡೆಯುವುದು ಪೇಸ್ಟಿನ ಫ್ಲೋರೈಡ್. ಇದ್ದಿಲಿನಲ್ಲಿ ಅದಿಲ್ಲ, ಮೇಲಾಗಿ ಉಜ್ಜಿ ಉಜ್ಜಿ ಹಲ್ಲನ್ನೂ ಸವೆಸುತ್ತದೆ. ತಂತಿಯ ಮೇಲೂ ಕೆಳಗೂ ಉಜ್ಜಲಿ, ಸಂದಿಗೆ ಚಿಕ್ಕ ಬ್ರಶ್ ಬರುತ್ತದೆ. ಸೋಡಾ, ಕೋಲಾ ಕಡಿಮೆ ಮಾಡಿಸಿ. ಕಡಕ್ ರೊಟ್ಟಿ ಬೇಕೇ ಬೇಕು ಅಂದರೆ ಸಾರಿನಲ್ಲಿ ನೆನೆಸಿ ಕೊಡಿ, ಬ್ರಾಕೆಟ್ ಉಳಿಯುತ್ತದೆ.

ತಂತಿಯಂತೂ ಇಡೀ ಚಿಕಿತ್ಸೆಗೆ ಒಂದೇ ಅಲ್ಲ, ಹಂತ ಹಂತಕ್ಕೆ ಬದಲಾಗುತ್ತದೆ. ಮುಂದಿನ ಸಲ ಹೋದಾಗ ಕಪ್ಪಾದ ಜಾಗ ಬೆರಳಿಟ್ಟು ತೋರಿಸಿ, ಬೆಸುಗೆಯದಾ ಅಂತ ಕೇಳಿ, ತಂತಿ ಬದಲಿಸುವುದು ಯಾವಾಗ ಅಂತಲೂ ಕೇಳಿ. ಇನ್ನೂ ಸಮಾಧಾನ ಆಗದಿದ್ದರೆ ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಒಮ್ಮೆ ತೋರಿಸಬಹುದು. ಹೋಗುವಾಗ ಈಗಿನ ಡಾಕ್ಟರು ಕೊಟ್ಟ ಚೀಟಿ, ಎಕ್ಸ್‌ರೇ ಜೊತೆಗಿರಲಿ.