‘ಸಾಮಾನಿಗೆ ನಾವು ಹೊಣೆಯಲ್ಲ’ ಎಂಬ ಬೋರ್ಡಿಗೆ ಎಷ್ಟು ಬೆಲೆ?

ಓದುಗರ ಪತ್ರ: ರೂಮು ಖಾಲಿ ಮಾಡಿದ ಮೇಲೆ ಸಂಜೆಯ ರೈಲಿನ ಹೊತ್ತಿನವರೆಗೆ ಬ್ಯಾಗನ್ನು ಹೋಟೆಲಿನ ರಿಸೆಪ್ಷನ್‌ನಲ್ಲಿ ಕೊಟ್ಟು ಹೋಗಿದ್ದೆವು. ವಾಪಸ್ ಪಡೆದಾಗ ಒಳಗಿದ್ದ ಲ್ಯಾಪ್‌ಟಾಪ್ ಇರಲಿಲ್ಲ. ಹಿಂದಿನ ದಿನ ರೂಮಿನ ಮೇಜಿನ ಮೇಲಿಟ್ಟಿದ್ದ ಚಿನ್ನದ ಓಲೆಯೂ ಸಿಗಲಿಲ್ಲ. ಮ್ಯಾನೇಜರ್ ಗೋಡೆಯ ಬೋರ್ಡ್ ತೋರಿಸಿ ಕೈತೊಳೆದುಕೊಂಡರು. ನಮಗೆ ಪರಿಹಾರ ಸಿಗುತ್ತದೆಯೇ?

ಸಂಪಾದಕರ ಉತ್ತರ: ಎರಡೂ ಕಳೆದದ್ದು ಒಂದೇ ಹೋಟೆಲಿನಲ್ಲಾದರೂ ಕಾನೂನಿನ ಮುಂದೆ ಇವು ಎರಡು ಬೇರೆ ಪ್ರಕರಣಗಳು. ಬ್ಯಾಗನ್ನು ನೀವು ಸಿಬ್ಬಂದಿಯ ಕೈಗೆ ಒಪ್ಪಿಸಿದ್ದಿರಿ. ಓಲೆ ನಿಮ್ಮ ವಶದಲ್ಲಿದ್ದ ರೂಮಿನಿಂದ ಹೋಗಿದೆ. ಬ್ಯಾಗಿನ ಬಗ್ಗೆ ಹೋಟೆಲ್ ಜವಾಬು ಹೇಳಬೇಕು, ಓಲೆಯ ಬಗ್ಗೆ ಹೋಟೆಲಿನ ತಪ್ಪನ್ನು ನೀವೇ ತೋರಿಸಬೇಕು.

ವಾಪಸ್ ಪಡೆಯುವ ಷರತ್ತಿನ ಮೇಲೆ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದು 1872ರ ಭಾರತೀಯ ಕರಾರು ಕಾಯ್ದೆಯ 148ನೇ ಕಲಂ ಪ್ರಕಾರ ‘ಬೇಲ್‌ಮೆಂಟ್’. ವಹಿಸಿಕೊಂಡವರು ಅಷ್ಟೇ ಗಾತ್ರದ, ಅಷ್ಟೇ ಬೆಲೆಯ ತಮ್ಮದೇ ವಸ್ತುವನ್ನು ಒಬ್ಬ ವಿವೇಕಿ ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕು ಎನ್ನುತ್ತದೆ 151ನೇ ಕಲಂ. ಅಷ್ಟು ಎಚ್ಚರ ವಹಿಸಿದ್ದರೆ, ಬೇರೆ ವಿಶೇಷ ಒಪ್ಪಂದವಿಲ್ಲದಿದ್ದಲ್ಲಿ, ನಷ್ಟಕ್ಕೆ ಅವರು ಹೊಣೆಯಲ್ಲ. ಇದು 152ನೇ ಕಲಂ.

ಬೋರ್ಡಿನ ಪ್ರಶ್ನೆಗೆ ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಉತ್ತರ ಕೊಟ್ಟಿದೆ. 1998ರಲ್ಲಿ ಪಾರ್ಕಿಂಗ್‌ಗೆಂದು ಹೋಟೆಲ್ ಸಿಬ್ಬಂದಿಗೆ ಕೀ ಕೊಟ್ಟಿದ್ದ ಕಾರು ಕಳುವಾಗಿತ್ತು. ಪಾರ್ಕಿಂಗ್ ಉಚಿತ, ಚೀಟಿಯಲ್ಲಿ ‘ಮಾಲೀಕರದೇ ಹೊಣೆ’ ಎಂದು ಅಚ್ಚಾಗಿದೆ ಎಂಬುದು ಹೋಟೆಲಿನ ವಾದ. ಕೋರ್ಟ್ ಒಪ್ಪಲಿಲ್ಲ. ತನ್ನ ಕಡೆಯಿಂದ ನಿರ್ಲಕ್ಷ್ಯವಾಗಿಲ್ಲ ಎಂದು ಮೊದಲು ಹೋಟೆಲ್ ತೋರಿಸಬೇಕು, ಆಮೇಲಷ್ಟೇ ಚೀಟಿಯ ಷರತ್ತಿನ ಮಾತು ಎಂದಿತು. ತೀರ್ಪು ವಾಹನದ ಕುರಿತದ್ದು ನಿಜ. ಆದರೆ ಅದು ನಿಂತಿರುವುದು ಇದೇ ಕಲಂಗಳ ಮೇಲೆ, ಆದ್ದರಿಂದ ನಿಮ್ಮ ಬ್ಯಾಗಿಗೂ ಅದೇ ವಾದ ಮಂಡಿಸಬಹುದು.

ನಿಮ್ಮ ಪ್ರಕರಣ ಸಡಿಲವಾಗುವುದು ಬೇರೆ ಕಡೆ. ‘ಬ್ಯಾಗ್ ಪಡೆದೆವು, ಬ್ಯಾಗ್ ಕೊಟ್ಟೆವು, ಒಳಗೇನಿತ್ತೋ ನಮಗೆ ಗೊತ್ತಿಲ್ಲ’ ಎಂದು ಹೋಟೆಲ್ ಹೇಳುತ್ತದೆ. ಬ್ಯಾಗ್ ಕೊಡುವಾಗ ಟೋಕನ್ ಮೇಲೆ ‘ಒಳಗೆ ಲ್ಯಾಪ್‌ಟಾಪ್ ಇದೆ’ ಎಂದು ಬರೆಸಿದ್ದರೆ ಈ ಮಾತಿಗೆ ಎಡೆಯೇ ಇರುತ್ತಿರಲಿಲ್ಲ. ಈಗ ಖರೀದಿ ಬಿಲ್ಲು, ಸೀರಿಯಲ್ ನಂಬರ್, ಆ ದಿನ ಬೆಳಿಗ್ಗೆ ಅದೇ ಲ್ಯಾಪ್‌ಟಾಪಿನಿಂದ ಕಳಿಸಿದ ಮೇಲ್, ಜಿಪ್ ಕಿತ್ತುಬಂದಿದ್ದರೆ ಅದರ ಫೋಟೋ, ಎಲ್ಲವನ್ನೂ ಒಟ್ಟು ಮಾಡಿ. ಹೊಸದರ ಬೆಲೆ ಪೂರ್ತಿ ಸಿಗುತ್ತದೆಂದು ಎಣಿಸಬೇಡಿ. ಬಳಸಿದ ವರ್ಷಗಳ ಸವಕಳಿ ಕಳೆಯುವ ಸಾಧ್ಯತೆಯೇ ಹೆಚ್ಚು.

ಓಲೆಯ ದಾರಿ ಕಠಿಣ. ರೂಮಿನಲ್ಲಿ ಸೇಫ್ ಇದ್ದೂ ಮೇಜಿನ ಮೇಲಿಟ್ಟಿರಿ ಎಂಬುದು ಅವರ ಮೊದಲ ಉತ್ತರವಾಗಿರುತ್ತದೆ. ಅದಕ್ಕೆ ಎದುರಾಗಿ ನಿಲ್ಲುವುದು ದಾಖಲೆ ಮಾತ್ರ. ಕಾರ್ಡ್ ಹಾಕಿ ತೆರೆಯುವ ಬಾಗಿಲಾದರೆ ಯಾವ ಕಾರ್ಡಿನಿಂದ ಎಷ್ಟು ಗಂಟೆಗೆ ತೆರೆಯಿತೆಂಬುದು ಸಾಮಾನ್ಯವಾಗಿ ಬೀಗದ ನೆನಪಿನಲ್ಲಿ ಉಳಿದಿರುತ್ತದೆ. ಅಂದು ರೂಮು ಗುಡಿಸಿದವರು ಯಾರೆಂಬುದು ಹೌಸ್‌ಕೀಪಿಂಗ್ ರಿಜಿಸ್ಟರಿನಲ್ಲಿ, ಕಾರಿಡಾರಿನ ಓಡಾಟ ಸಿಸಿಟಿವಿಯಲ್ಲಿ ಇರುತ್ತದೆ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುವುದರಿಂದ, ಇವನ್ನು ಅಳಿಸದೆ ಕಾಪಾಡಿ ಎಂದು ಇಂದೇ ಇಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ.

ಪೊಲೀಸ್ ದೂರನ್ನೂ ತಡಮಾಡಬೇಡಿ. ‘ಎರಡು ದಿನ ಇರಿ, ನಾವೇ ವಿಚಾರಿಸುತ್ತೇವೆ’ ಎಂಬ ಮಾತಿಗೆ ಕಾದರೆ ನಷ್ಟ ನಿಮಗೇ. ಊರಿಗೆ ಮರಳಿದ್ದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನಗಳೊಳಗೆ ಸಹಿ ಹಾಕಬೇಕು.

ಪರಿಹಾರಕ್ಕೆ ಹೋಗಬೇಕಾದದ್ದು ಜಿಲ್ಲಾ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಹೋಟೆಲ್ ಇರುವ ಊರಿಗೆ ಅಲೆಯಬೇಕಿಲ್ಲ. ಅವಧಿ 2 ವರ್ಷ. ಶುಲ್ಕದ ಲೆಕ್ಕ ಹಿಡಿಯುವುದು ಕಳೆದ ವಸ್ತುವಿನ ಬೆಲೆಯ ಮೇಲಲ್ಲ, ನೀವು ಸೇವೆಗೆ ಕೊಟ್ಟ ಹಣದ ಮೇಲೆ. 5 ಲಕ್ಷ ರೂಪಾಯಿವರೆಗೆ ಶುಲ್ಕವೇ ಇಲ್ಲ. ಮೊದಲು ಹೋಟೆಲಿಗೆ 15 ದಿನಗಳ ಗಡುವಿನ ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು, ಆದರೆ ಅದು ರಾಜಿ ಯತ್ನವಷ್ಟೇ. ದೂರಿನಲ್ಲಿ ‘ಸೇವಾ ನ್ಯೂನತೆ’ ಎಂದೇ ಬರೆಯಿರಿ. ಬೋರ್ಡಿನ ಷರತ್ತು ‘ಅನ್ಯಾಯದ ಒಪ್ಪಂದ’, ಅದನ್ನು ರದ್ದುಮಾಡಿ ಎಂದು ಕೇಳಿದರೆ ಅದು ರಾಜ್ಯ ಆಯೋಗದ ವ್ಯಾಪ್ತಿಗೆ ಹೋಗುತ್ತದೆ, ಜಿಲ್ಲಾ ಆಯೋಗದ ಬಾಗಿಲಲ್ಲೇ ತಕರಾರು ಏಳುತ್ತದೆ.

ಈ ನಡುವೆ ಹೋಟೆಲಿನವರು ಮುಂದಿನ ಸಲ ಒಂದು ರಾತ್ರಿ ಉಚಿತ ವಾಸ್ತವ್ಯ ಎಂದು ಹೇಳಿ ಯಾವುದಾದರೂ ಕಾಗದಕ್ಕೆ ಸಹಿ ಕೇಳಿದರೆ, ಅದರಲ್ಲಿ ‘ಇನ್ನು ಯಾವ ಹಕ್ಕೊತ್ತಾಯವೂ ಇಲ್ಲ’ ಎಂಬ ಸಾಲಿದೆಯೇ ನೋಡಿ. ಇದ್ದರೆ ಸಹಿ ಹಾಕಬೇಡಿ.